ಸೌರಕಲೆಗಳ ಎಣಿಕೆಯಿಂದ ಸೂರ್ಯನ ರೇಡಿಯೋ ಫ್ಲಕ್ಸ್ ಅಂದಾಜು ಮಾಡುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಸೂರ್ಯನ ರೇಡಿಯೋ ಹೊರಸೂಸುವಿಕೆಯನ್ನು ದಿನವೂ ತಪ್ಪದೆ ಅಳೆಯಲು ಆರಂಭಿಸಿದ್ದು 1947ರಲ್ಲಿ. ಸೌರಕಲೆಗಳ, ಅಂದರೆ ಸೂರ್ಯಬಿಂಬದ ಮೇಲೆ ಕಾಣುವ ಕಪ್ಪು ಕಲೆಗಳ ಲೆಕ್ಕ ಅದಕ್ಕಿಂತ ತುಂಬ ಹಳೆಯದು: ದಿನವಾರು ಸಂಖ್ಯೆ 1818ರಿಂದ, ತಿಂಗಳವಾರು 1749ರಿಂದ, ವರ್ಷವಾರು 1700ರಿಂದ ಸಿಗುತ್ತದೆ. 1870ರಲ್ಲೋ 1906ರಲ್ಲೋ ಸೂರ್ಯ ಎಷ್ಟು ರೇಡಿಯೋ ಶಕ್ತಿ ಸೂಸುತ್ತಿದ್ದ ಎಂದು ತಿಳಿಯಬೇಕಾದರೆ ಕಲೆಗಳ ಎಣಿಕೆಯೇ ಗತಿ. ಮುಂದಿನ ವರ್ಷಗಳ ಮುನ್ಸೂಚನೆಯೂ ಬಹುಪಾಲು ಕಲೆಗಳ ಸಂಖ್ಯೆಯ ರೂಪದಲ್ಲೇ ಬರುತ್ತದೆ. ಆದರೆ ಶಾರ್ಟ್‌ವೇವ್ ಸಂಪರ್ಕ ಯೋಜಿಸುವವರು, ಉಪಗ್ರಹದ ಕಕ್ಷೆ ಎಷ್ಟು ಬೇಗ ಕುಸಿಯುತ್ತದೆ ಎಂದು ಲೆಕ್ಕ ಹಾಕುವವರು ಅನೇಕ ವೇಳೆ ಕೇಳುವುದು ರೇಡಿಯೋ ಫ್ಲಕ್ಸನ್ನು. ಒಂದರಿಂದ ಇನ್ನೊಂದಕ್ಕೆ ದಾಟುವ ದಾರಿ ಇಲ್ಲಿದೆ.

ದಾರಿಯೇನೋ ಸುಲಭ, ಒಂದೇ ಸಾಲಿನ ಸೂತ್ರ. ಜನ ಎಡವುವುದು ಸೂತ್ರದಲ್ಲಲ್ಲ, ಅದರೊಳಗೆ ಹಾಕುವ ಸಂಖ್ಯೆಯಲ್ಲಿ. ಆದ್ದರಿಂದ ಸೂತ್ರ ಬರುವುದು ನಾಲ್ಕನೇ ಹಂತಕ್ಕೆ. ಅದಕ್ಕೆ ಮೊದಲಿನ ಮೂರು ಹಂತಗಳನ್ನು ಹಾರಿಸಿ ಓದಬೇಡಿ.

ಅಂದಾಜು ಮಾಡುವುದು ಏನನ್ನು?

ಸಾಮಾನ್ಯವಾಗಿ ಸೌರ ಫ್ಲಕ್ಸ್ ಎಂದರೆ 10.7 ಸೆಂಟಿಮೀಟರ್ ತರಂಗಾಂತರದಲ್ಲಿ, ಅಂದರೆ 2800 ಮೆಗಾಹರ್ಟ್ಸ್ ಆವರ್ತನದಲ್ಲಿ ಇಡೀ ಸೂರ್ಯಬಿಂಬದಿಂದ ಭೂಮಿಗೆ ತಲುಪುವ ರೇಡಿಯೋ ಶಕ್ತಿಯ ಸಾಂದ್ರತೆ. ಇದನ್ನು ಎಫ್ 10.7 ಎಂದೂ ಬರೆಯುತ್ತಾರೆ. ಇದರ ಅಳತೆಗೆ ಸೌರ ಫ್ಲಕ್ಸ್ ಘಟಕ ಎಂಬ ಪ್ರತ್ಯೇಕ ಮಾನವಿದೆ. ಅಂಥ ಒಂದು ಘಟಕ ರೇಡಿಯೋ ಖಗೋಳದ ಅಳತೆಮಾನವಾದ ಜಾನ್‌ಸ್ಕಿಯ ಲೆಕ್ಕದಲ್ಲಿ 10,000 ಜಾನ್‌ಸ್ಕಿಗೆ ಸಮ. ಕೆನಡಾದ ಆರ್ಥರ್ ಕೋವಿಂಗ್ಟನ್ ಒಟ್ಟಾವಾ ಬಳಿ ಆರಂಭಿಸಿದ ಈ ಅಳತೆ ಇಂದು ಬ್ರಿಟಿಷ್ ಕೊಲಂಬಿಯಾದ ಪೆಂಟಿಕ್ಟನ್ ವೀಕ್ಷಣಾಲಯದಲ್ಲಿ ಮುಂದುವರಿದಿದೆ. ದಿನಕ್ಕೆ ಮೂರು ಬಾರಿ ಅಳೆಯುತ್ತಾರೆ. ಅಲ್ಲಿನ ನಡುಹಗಲಿಗೆ, ಅಂದರೆ ಸಾರ್ವತ್ರಿಕ ಕಾಲಮಾನ 20 ಗಂಟೆಗೆ ಸಿಕ್ಕ ಅಳತೆಯನ್ನೇ ಆ ದಿನದ ಫ್ಲಕ್ಸ್ ಎಂದು ಎಣಿಸುವುದು ರೂಢಿ.

ಕಲೆಗೂ ರೇಡಿಯೋಗೂ ನಂಟಿದೆ ಎಂಬುದು ಮೊದಲು ಗೊತ್ತಾದದ್ದು ಯುದ್ಧಕಾಲದಲ್ಲಿ. 1942ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ರಾಡಾರ್‌ಗಳಲ್ಲಿ ವಿಚಿತ್ರ ಗದ್ದಲ ಕಾಣಿಸಿಕೊಂಡಾಗ ಅಲ್ಲಿನ ವಿಜ್ಞಾನಿ ಜೆ. ಎಸ್. ಹೇ ಅದರ ಮೂಲವನ್ನು ಸೂರ್ಯನ ಮೇಲಿದ್ದ ಒಂದು ದೊಡ್ಡ ಕಲೆಗುಂಪಿಗೆ ಜೋಡಿಸಿದರು. 1946ರ ನವೆಂಬರ್ 23ರ ಪಾರ್ಶ್ವ ಸೂರ್ಯಗ್ರಹಣದಲ್ಲಿ ಕೋವಿಂಗ್ಟನ್ ಇನ್ನೂ ಸ್ಪಷ್ಟವಾದ ಸಾಕ್ಷ್ಯ ಪಡೆದರು: ಚಂದ್ರ ದೊಡ್ಡ ಕಲೆಗುಂಪೊಂದನ್ನು ಮರೆಮಾಡಿದಾಗ ರೇಡಿಯೋ ಸಂಕೇತ ಎದ್ದು ಕಾಣುವಷ್ಟು ಇಳಿಯಿತು.

ಹಾಗೆಂದು ಫ್ಲಕ್ಸೆಲ್ಲ ಕಲೆಗಳಿಂದಲೇ ಬರುವುದಿಲ್ಲ. ಅದರಲ್ಲಿ ಮೂರು ಪಾಲುಗಳಿವೆ. ಕಲೆಯೇ ಇಲ್ಲದ ಶಾಂತ ಸೂರ್ಯನ ಬಿಸಿ ಅನಿಲ ಸದಾ ಸೂಸುವ ಸುಮಾರು 64ರಿಂದ 67 ಘಟಕಗಳ ತಳಪಾಲು ಒಂದು. ಸಕ್ರಿಯ ಪ್ರದೇಶಗಳ ಮೇಲಿನ ದಟ್ಟ ಪ್ಲಾಸ್ಮಾದಿಂದ ಬರುವ, ದಿನಗಳು ಮತ್ತು ವಾರಗಳ ಗತಿಯಲ್ಲಿ ಏರಿಳಿಯುವ ಪಾಲು ಎರಡನೆಯದು. ಜ್ವಾಲೆಗಳ ಹೊತ್ತಿನಲ್ಲಿ ನಿಮಿಷಗಳ ಮಟ್ಟಿಗೆ ಸಿಡಿಯುವ ಸ್ಫೋಟಗಳದ್ದು ಮೂರನೆಯದು. ಕಲೆಗಳ ಎಣಿಕೆ ಹೇಳಬಲ್ಲದ್ದು ಎರಡನೆಯ ಪಾಲನ್ನು ಮಾತ್ರ. ತಳಪಾಲನ್ನು ನಾವೇ ಸ್ಥಿರಾಂಕವಾಗಿ ಸೇರಿಸುತ್ತೇವೆ, ಸ್ಫೋಟಗಳನ್ನು ಬಿಟ್ಟುಬಿಡುತ್ತೇವೆ.

ಎರಡನೆಯ ಪಾಲಿನ ಒಳಗೂ ಎರಡು ಬಗೆಗಳಿವೆ. ಕಲೆಗಳ ಸುತ್ತ ಹರಡಿದ ಪ್ರಕಾಶಮಾನ ಪ್ರದೇಶಗಳ ಮೇಲೆ ಎಲೆಕ್ಟ್ರಾನ್‌ಗಳು ಅಯಾನುಗಳ ಬಳಿ ಹಾಯುವಾಗ ಹೊಮ್ಮುವ ಉಷ್ಣ ವಿಕಿರಣ ಒಂದು ಬಗೆ. ಕಲೆಗಳ ನೆತ್ತಿಯ ಮೇಲಿನ ಪ್ರಬಲ ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನ್‌ಗಳು ಸುತ್ತುವುದರಿಂದ ಬರುವುದು ಇನ್ನೊಂದು. ಒಂದು ಗಾಸ್ ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನ್ ಸುತ್ತುವ ಆವರ್ತನ 2.8 ಮೆಗಾಹರ್ಟ್ಸ್. ಆ ಲೆಕ್ಕದಲ್ಲಿ 2800 ಮೆಗಾಹರ್ಟ್ಸ್ ವಿಕಿರಣವು ಎರಡನೇ ಗುಣಕವಾಗಿ (ಸುತ್ತುವ ಆವರ್ತನದ ಎರಡು ಪಟ್ಟಾಗಿ) 500 ಗಾಸ್, ಮೂರನೇ ಗುಣಕವಾಗಿ (ಮೂರು ಪಟ್ಟಾಗಿ) ಸುಮಾರು 333 ಗಾಸ್ ಇರುವ ಪದರಗಳಿಂದ ಹೊರಡುತ್ತದೆ. ಸೂರ್ಯನ ಹೊರ ವಾತಾವರಣವಾದ ಕರೋನಾದ ಎತ್ತರದಲ್ಲಿ ಇಷ್ಟು ಬಲವಾದ ಕ್ಷೇತ್ರ ಸಿಗುವುದು ಕಲೆಗಳ ಮೇಲೆಯೇ. ಎರಡನೆಯ ಬಗೆಗೆ ಕಲೆ ಬೇಕೇ ಬೇಕು. ಮೊದಲನೆಯದಕ್ಕೆ ಬೇಕಿಲ್ಲ, ಕಲೆ ಕರಗಿಹೋದ ಮೇಲೂ ಪ್ರಕಾಶಮಾನ ಪ್ರದೇಶ ವಾರಗಟ್ಟಲೆ ಉಳಿಯುತ್ತದೆ. ಮುಂದೆ ಎದುರಾಗುವ ತೊಡಕುಗಳಲ್ಲಿ ಅರ್ಧಕ್ಕರ್ಧ ಇದರಿಂದಲೇ ಹುಟ್ಟುತ್ತವೆ.

ಹಂತ 1: ಕಲೆಗಳನ್ನು ಎಣಿಸುವುದು

ಪ್ರಕಟಿತ ಸಂಖ್ಯೆಯನ್ನೇ ಬಳಸುವವರು ಎರಡನೇ ಹಂತಕ್ಕೆ ಹೋಗಬಹುದು. ಸ್ವತಃ ಎಣಿಸುವವರಿಗೆ ಮೊದಲ ಮಾತು ಕಣ್ಣಿನ ಬಗ್ಗೆ. ದೂರದರ್ಶಕದ ಮೂಲಕ ಸೂರ್ಯನನ್ನು ನೇರವಾಗಿ ನೋಡುವಂತಿಲ್ಲ. ಒಂದೋ ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿ ಎಣಿಸಿ, ಇಲ್ಲವೇ ಸೌರ ವೀಕ್ಷಣೆಗೆಂದೇ ತಯಾರಾದ ಫಿಲ್ಟರನ್ನು ದೂರದರ್ಶಕದ ಮುಂಬದಿಗೆ ಭದ್ರವಾಗಿ ಕೂರಿಸಿ. ಕಣ್ಣಿಡುವ ಬದಿಗೆ ತಿರುಗಿಸಿ ಹಾಕುವ ಪುಟ್ಟ ಫಿಲ್ಟರ್ ಶಾಖಕ್ಕೆ ಬಿರಿಯಬಲ್ಲದು, ಅದನ್ನು ಮುಟ್ಟಲೇಬೇಡಿ.

ಎಣಿಕೆಯ ನಿಯಮ 19ನೇ ಶತಮಾನದ ನಡುವೆ ಸ್ವಿಸ್ ಖಗೋಳಜ್ಞ ರುಡಾಲ್ಫ್ ವುಲ್ಫ್ ರೂಪಿಸಿದ್ದು:

ಸೌರಕಲೆ ಸಂಖ್ಯೆ = ಗುಣಾಂಕ × (10 × ಗುಂಪುಗಳು + ಒಟ್ಟು ಕಲೆಗಳು)

ಬಿಂಬದ ಮೇಲೆ ನಾಲ್ಕು ಗುಂಪುಗಳು, ಅವುಗಳಲ್ಲಿ ಎಲ್ಲ ಸೇರಿ 23 ಕಲೆಗಳು ಇವೆ ಎನ್ನಿ. 10 × 4 + 23 = 63. ಒಂಟಿ ಕಲೆಯೂ ಒಂದು ಗುಂಪೇ, ಹಾಗಾಗಿ ಅದರ ಬೆಲೆ 11. ಒಬ್ಬರ ಹಸಿ ಎಣಿಕೆ ಸೊನ್ನೆಯಿಂದ ನೇರವಾಗಿ 11ಕ್ಕೆ ಜಿಗಿಯುತ್ತದೆ, ನಡುವೆ ಏನೂ ಇಲ್ಲ.

ಹೊಸಬರು ತಪ್ಪುವುದು ಗುಂಪುಗಳಲ್ಲಿ. ಒಂದು ಗುಂಪು ಸಾಮಾನ್ಯವಾಗಿ ಪೂರ್ವ–ಪಶ್ಚಿಮವಾಗಿ ಚಾಚಿಕೊಂಡಿರುತ್ತದೆ: ಮುಂದೊಂದು ದೊಡ್ಡ ಕಲೆ, ಹಿಂದೆ ಒಂದಷ್ಟು ಚೂರುಗಳು, ನಡುವೆ ಖಾಲಿ ಜಾಗ. ಆ ಖಾಲಿ ಜಾಗ ನೋಡಿ ಎರಡು ಗುಂಪು ಎಂದು ಬರೆದರೆ ಸಂಖ್ಯೆಗೆ ಹತ್ತು ಸುಮ್ಮನೆ ಸೇರುತ್ತದೆ. ಮೇಲಿನ 63 ಹೀಗೆ 73 ಆದರೆ ಕೊನೆಯ ಫ್ಲಕ್ಸ್ ಅಂದಾಜು ಸುಮಾರು ಆರು ಘಟಕ ಮೇಲೇರುತ್ತದೆ. ಅದೇ ಒಂದು ಚಿಕ್ಕ ಕಲೆಯನ್ನು ಎಣಿಸದೆ ಬಿಟ್ಟರೆ ಆಗುವ ವ್ಯತ್ಯಾಸ ಅರ್ಧ ಘಟಕ. ಸಮಯವನ್ನು ಎಲ್ಲಿ ಖರ್ಚು ಮಾಡಬೇಕು ಎಂಬುದು ಇದರಿಂದಲೇ ಗೊತ್ತಾಗುತ್ತದೆ. ಒಂದೇ ಬೂದು ಅಂಚಿನೊಳಗೆ ಎರಡು ಮೂರು ಕಪ್ಪು ತಿರುಳುಗಳಿದ್ದರೆ ಪ್ರತಿ ತಿರುಳೂ ಒಂದೊಂದು ಕಲೆ.

ಗುಣಾಂಕವು ನಿಮ್ಮ ಕಣ್ಣು, ಉಪಕರಣ, ಆಕಾಶಗಳ ಒಟ್ಟು ತಿದ್ದುಪಡಿ. ಅದನ್ನು ಊಹಿಸಬೇಡಿ, ಲೆಕ್ಕ ಹಾಕಿ. ಕೆಲವು ತಿಂಗಳು ಎಣಿಸಿ, ನೀವು ಎಣಿಸಿದ ದಿನಗಳ ಅಧಿಕೃತ ಸಂಖ್ಯೆಗಳನ್ನೆಲ್ಲ ಕೂಡಿಸಿ, ಅದೇ ದಿನಗಳ ನಿಮ್ಮ ಸಂಖ್ಯೆಗಳ ಮೊತ್ತದಿಂದ ಭಾಗಿಸಿ. ಅಧಿಕೃತ ಮೊತ್ತ 2520, ನಿಮ್ಮದು 2800 ಬಂದರೆ ಗುಣಾಂಕ 0.90. ದಿನದಿನದ ಅನುಪಾತ ತೆಗೆದು ಸರಾಸರಿ ಮಾಡುವವರೂ ಇದ್ದಾರೆ. ಕಲೆ ಕಡಿಮೆ ಇರುವ ದಿನಗಳಲ್ಲಿ ಆ ಅನುಪಾತ ಹುಚ್ಚೆದ್ದು ಕುಣಿಯುವುದರಿಂದ ನಾನು ಅದನ್ನು ಒಪ್ಪುವುದಿಲ್ಲ.

ಹಂತ 2: ಸಂಖ್ಯೆ ಹಳೆಯದೋ ಹೊಸದೋ?

ಎಲ್ಲಕ್ಕಿಂತ ಹೆಚ್ಚು ಲೆಕ್ಕ ಕೆಡುವುದು ಇಲ್ಲಿ. ಅಂತರರಾಷ್ಟ್ರೀಯ ಸೌರಕಲೆ ಸಂಖ್ಯೆಯನ್ನು ಬ್ರಸೆಲ್ಸ್‌ನಲ್ಲಿರುವ ಬೆಲ್ಜಿಯಂನ ರಾಯಲ್ ವೀಕ್ಷಣಾಲಯದ ಸಿಲ್ಸೋ ಕೇಂದ್ರ ಪ್ರಕಟಿಸುತ್ತದೆ. 2015ರ ಜುಲೈ 1ರಂದು ಅದು ಇಡೀ ಸರಣಿಯನ್ನು ಪರಿಷ್ಕರಿಸಿ ಎರಡನೇ ಆವೃತ್ತಿಯನ್ನು ಹೊರತಂದಿತು. ಈ ಎಣಿಕೆ ಹಿಂದೆ ಜ್ಯೂರಿಕ್ ವೀಕ್ಷಣಾಲಯದಲ್ಲಿ ನಡೆಯುತ್ತಿದ್ದ ಕಾಲದಿಂದ ಎಲ್ಲ ಸಂಖ್ಯೆಗಳನ್ನೂ 0.6ರಿಂದ ಗುಣಿಸುತ್ತಿದ್ದ ಪದ್ಧತಿ ಅಲ್ಲಿಗೆ ನಿಂತಿತು. ಜತೆಗೆ ಇನ್ನೊಂದು ದೋಷವನ್ನೂ ಸರಿಪಡಿಸಿದರು: 20ನೇ ಶತಮಾನದ ನಡುವಿನಿಂದ ಜ್ಯೂರಿಕ್‌ನ ಎಣಿಕೆಯಲ್ಲಿ ದೊಡ್ಡ ಕಲೆಗಳಿಗೆ ಹೆಚ್ಚಿನ ತೂಕ ಕೊಡುತ್ತಿದ್ದರು, ಒಂದೇ ದೊಡ್ಡ ಕಲೆ ಐದರಷ್ಟು ಎಣಿಕೆಯಾಗುವುದೂ ಇತ್ತು.

ಇದರ ಪರಿಣಾಮವನ್ನು ಅಂಕಿಗಳಲ್ಲೇ ನೋಡಿ. ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಿ ತಗ್ಗುವುದಕ್ಕೆ ಸೌರಚಕ್ರ ಎಂದು ಹೆಸರು. 24ನೇ ಸೌರಚಕ್ರದ ಗರಿಷ್ಠ, 2014ರ ಏಪ್ರಿಲ್‌ನದು, ಹಳೆಯ ಮಾನದಲ್ಲಿ 81.9, ಹೊಸದರಲ್ಲಿ 116.4. ದಾಖಲೆಯ 19ನೇ ಚಕ್ರದ ಗರಿಷ್ಠ, 1958ರ ಮಾರ್ಚ್‌ನದು, ಹಳೆಯದರಲ್ಲಿ 201.3, ಹೊಸದರಲ್ಲಿ 285. ಎರಡರಲ್ಲೂ ಹಳೆಯದು ಹೊಸದರ ಸುಮಾರು 0.7 ಪಾಲು. ಈಗ ನಾವು ಬಳಸಲಿರುವ ಸೂತ್ರ 1970ರ ದಶಕದ್ದು, ಹಳೆಯ ಮಾನಕ್ಕೆ ಹೊಲಿದದ್ದು. ಅದಕ್ಕೆ ಹೊಸ ಸಂಖ್ಯೆಯನ್ನು ನೇರವಾಗಿ ಹಾಕಿದರೆ 116.4ಕ್ಕೆ 160ರ ಸಮೀಪದ ಫ್ಲಕ್ಸ್ ಬರುತ್ತದೆ, ಬರಬೇಕಾದದ್ದು 129.

ಆದ್ದರಿಂದ ನಿಯಮ ಹೀಗಿರಲಿ: 2015ರ ಜುಲೈ ನಂತರ ಪ್ರಕಟವಾದ ಯಾವುದೇ ಅಂತರರಾಷ್ಟ್ರೀಯ ಸಂಖ್ಯೆ ಹೊಸ ಮಾನದ್ದು. ಅದಕ್ಕೂ ಹಿಂದಿನ ಪುಸ್ತಕ, ಕೋಷ್ಟಕ, ಸಾಫ್ಟ್‌ವೇರ್‌ಗಳದ್ದು ಹಳೆಯ ಮಾನ. ಅಮೆರಿಕದ ಬೌಲ್ಡರ್‌ನಿಂದ ದಿನವೂ ಬರುವ ಸಂಖ್ಯೆ ಇವೆರಡಕ್ಕೂ ಸೇರದ ಪ್ರತ್ಯೇಕ ಎಣಿಕೆ. ಅದನ್ನು ಸಿಲ್ಸೋ ಸರಣಿಯ ಜತೆ ಒಂದೇ ಕೋಷ್ಟಕದಲ್ಲಿ ಬೆರೆಸಬೇಡಿ.

ಹಂತ 3: ಸರಾಸರಿ ತೆಗೆಯದೆ ಮುಂದುವರಿಯಬೇಡಿ

ಒಂದು ದಿನದ ಎಣಿಕೆಯಿಂದ ಅದೇ ದಿನದ ಫ್ಲಕ್ಸ್ ಹೇಳಲು ಹೊರಟರೆ ಇಪ್ಪತ್ತು ಮೂವತ್ತು ಘಟಕ ಆಚೀಚೆಯಾಗುವುದು ಮಾಮೂಲು. ಇದಕ್ಕೆ ಎರಡು ಉದಾಹರಣೆಗಳಿವೆ, ಎರಡೂ ಒಂದೇ ವರ್ಷದವು, ಒಂದಕ್ಕೊಂದು ತದ್ವಿರುದ್ಧ.

2014ರ ಜುಲೈ 17. ಚಕ್ರದ ಗರಿಷ್ಠದ ಕಾಲ, ಆದರೂ ಆ ದಿನ ಬಿಂಬದ ಮೇಲೆ ಕಲೆಯೇ ಇರಲಿಲ್ಲ. ಸಂಖ್ಯೆ ಸೊನ್ನೆ, ಸೂತ್ರದ ಪ್ರಕಾರ ಫ್ಲಕ್ಸ್ 64ಕ್ಕೆ ಇಳಿಯಬೇಕಿತ್ತು. ಅಳೆದದ್ದು 80ಕ್ಕಿಂತ ಮೇಲೆಯೇ ಇತ್ತು, ಏಕೆಂದರೆ ಕಲೆಗಳು ಅಳಿದರೂ ಅವುಗಳ ಪ್ರಕಾಶಮಾನ ಪ್ರದೇಶಗಳು ಇನ್ನೂ ಸೂಸುತ್ತಿದ್ದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ 12192 ಎಂಬ ಕ್ರಮಾಂಕದ ದೈತ್ಯ ಪ್ರದೇಶ ಬಿಂಬವನ್ನು ದಾಟಿತು. 1990ರ ನಂತರದ ಅತಿ ದೊಡ್ಡ ಕಲೆಗುಂಪು ಅದು. ಆ ತಿಂಗಳ ಸರಾಸರಿ ಸಂಖ್ಯೆ, ಹೊಸ ಮಾನದಲ್ಲಿ, ಸುಮಾರು 90. ಸೂತ್ರಕ್ಕೆ ಹಾಕಿದರೆ 113 ಬರುತ್ತದೆ. ಆ ಗುಂಪು ಬಿಂಬದ ನಡುವಿಗೆ ಬಂದ ದಿನಗಳಲ್ಲಿ ಫ್ಲಕ್ಸ್ 200 ದಾಟಿತ್ತು. ವುಲ್ಫ್ ಸಂಖ್ಯೆಗೆ ಗಾತ್ರ ಕಾಣುವುದಿಲ್ಲ. ಆನೆಯನ್ನೂ ಕುರಿಯನ್ನೂ ತಲೆಗೊಂದರಂತೆ ಎಣಿಸುವ ಲೆಕ್ಕ ಅದು.

ಸರಾಸರಿ ತೆಗೆದಾಗ ಇಂಥ ಏರುಪೇರುಗಳು ಬಹುಮಟ್ಟಿಗೆ ಒಂದನ್ನೊಂದು ಕಳೆದುಕೊಳ್ಳುತ್ತವೆ. ಭೂಮಿಯಿಂದ ನೋಡಿದಾಗ ಸೂರ್ಯ ಒಂದು ಸುತ್ತಿಗೆ ಸುಮಾರು 27 ದಿನ ತೆಗೆದುಕೊಳ್ಳುವುದರಿಂದ ಅದಕ್ಕಿಂತ ಕಡಿಮೆ ಅವಧಿಯ ಸರಾಸರಿಗೆ ಅರ್ಥವಿಲ್ಲ. ತಿಂಗಳ ಸರಾಸರಿ ಕನಿಷ್ಠ ಅಗತ್ಯ. ಮೂರು ಸುತ್ತುಗಳ 81 ದಿನಗಳ ಸರಾಸರಿ ಮೇಲು; ಮೇಲ್ವಾತಾವರಣದ ಸಾಂದ್ರತೆ ಲೆಕ್ಕ ಹಾಕುವ ಮಾದರಿಗಳು ಬಳಸುವುದೂ ಅದನ್ನೇ. ಸೂತ್ರವನ್ನು ರೂಪಿಸಿದ್ದು ಮಾತ್ರ 13 ತಿಂಗಳ ಸುಗಮಗೊಳಿಸಿದ ಸರಾಸರಿಗೆ. ಅದನ್ನು ತೆಗೆಯುವ ಕ್ರಮ ಇದು: ನಿಮಗೆ ಬೇಕಾದ ತಿಂಗಳು, ಅದರ ಹಿಂದಿನ ಐದು, ಮುಂದಿನ ಐದು ತಿಂಗಳುಗಳ ಸರಾಸರಿ ಸಂಖ್ಯೆಗಳನ್ನು ಪೂರ್ತಿಯಾಗಿ ಕೂಡಿಸಿ, ಆರು ತಿಂಗಳ ಹಿಂದಿನದರ ಅರ್ಧ, ಆರು ತಿಂಗಳ ಮುಂದಿನದರ ಅರ್ಧ ಸೇರಿಸಿ, ಮೊತ್ತವನ್ನು 12ರಿಂದ ಭಾಗಿಸಿ. ಮುಂದಿನ ಆರು ತಿಂಗಳುಗಳೂ ಬೇಕಾಗುವುದರಿಂದ ಇತ್ತೀಚಿನ ಅರ್ಧ ವರ್ಷಕ್ಕೆ ಈ ಸರಾಸರಿ ಸಿಗದು. ಈಗಿನ ತಿಂಗಳ ಅಂದಾಜು ಬೇಕಾದವರು 81 ದಿನಗಳದ್ದರಲ್ಲಿ ತೃಪ್ತಿ ಪಡಬೇಕು.

ಹಂತ 4: ಸೂತ್ರ

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸುಗಳಲ್ಲೂ ಇರುವ ಹಳೆಯ ಸೂತ್ರ ಇದು. ಇಲ್ಲಿ ‘ಹ’ ಎಂದರೆ ಹಳೆಯ ಮಾನದ, ಸುಗಮಗೊಳಿಸಿದ ಸಂಖ್ಯೆ:

ಫ್ಲಕ್ಸ್ = 63.7 + 0.728 × ಹ + 0.00089 × ಹ × ಹ

ಹೊಸ ಮಾನದ ಸಂಖ್ಯೆಯನ್ನು ‘ಸ’ ಎಂದು ಕರೆದು, ‘ಹ’ದ ಜಾಗದಲ್ಲಿ 0.7 × ಸ ಹಾಕಿ ಬಿಡಿಸಿದರೆ ಹೀಗಾಗುತ್ತದೆ:

ಫ್ಲಕ್ಸ್ = 63.7 + 0.51 × ಸ + 0.000436 × ಸ × ಸ

ನಮ್ಮ 63ನ್ನು ಸರಾಸರಿಯೆಂದೇ ಇಟ್ಟುಕೊಂಡು, ಗುಣಾಂಕ 1 ಎಂದು ಹಿಡಿದು ನೋಡೋಣ. 0.51 × 63 = 32.1. 63ರ ವರ್ಗ 3969, ಅದರ 0.000436 ಪಾಲು 1.7. ಮೂರನ್ನೂ ಕೂಡಿದರೆ 97.5. ದಶಮಾಂಶದ ಮೇಲೆ ಭರವಸೆ ಇಡಬೇಡಿ, 98 ಎಂದು ಬರೆದುಕೊಳ್ಳಿ.

ಕೈಗೆ ಬೇಗ ಸಿಗಲೆಂದು ಇನ್ನಷ್ಟು ಬೆಲೆಗಳು, ಎಲ್ಲವೂ ಹೊಸ ಮಾನದಲ್ಲಿ: 25ಕ್ಕೆ 77, 50ಕ್ಕೆ 90, 100ಕ್ಕೆ 119, 150ಕ್ಕೆ 150, 200ಕ್ಕೆ 183, 250ಕ್ಕೆ 218. ಸಂಖ್ಯೆಯೂ ಫ್ಲಕ್ಸೂ 150ರಲ್ಲಿ ಕೂಡಿಕೊಳ್ಳುವುದು ಕೇವಲ ಆಕಸ್ಮಿಕ, ಆದರೆ ನೆನಪಿಟ್ಟುಕೊಳ್ಳಲು ಅನುಕೂಲ.

ಚಕ್ರದ ಕನಿಷ್ಠದ ಕಾಲದಲ್ಲಿ ಸೂತ್ರಕ್ಕೆ ಹೆಚ್ಚು ಕೆಲಸವಿಲ್ಲ. 2019ರ ಡಿಸೆಂಬರ್‌ನಲ್ಲಿ ಸುಗಮಗೊಳಿಸಿದ ಸಂಖ್ಯೆ 1.8ಕ್ಕೆ ಇಳಿದಿತ್ತು. ಸೂತ್ರ 64.6 ಎನ್ನುತ್ತದೆ, ಅಳತೆ 70ರ ಆಸುಪಾಸಿನಲ್ಲಿತ್ತು. ಸಂಖ್ಯೆ ಹತ್ತಕ್ಕಿಂತ ಕೆಳಗಿದ್ದರೆ ನಾನು ಸೂತ್ರವನ್ನು ಬದಿಗಿಟ್ಟು 67ರಿಂದ 71 ಎಂದು ಬರೆಯುತ್ತೇನೆ.

ಹಂತ 5: ಇತ್ತೀಚಿನ ಅಳತೆಗೆ ಹೊಂದಿಸುವುದು

ಇಲ್ಲಿಗೆ ನಿಲ್ಲಿಸುವ ಮಾರ್ಗದರ್ಶಿಗಳೇ ಹೆಚ್ಚು. ಆದರೆ ಕಳೆದ ಕೆಲವು ದಶಕಗಳ ಅಂಕಿಗಳ ಮುಂದೆ ಹಿಡಿದರೆ ಈ ಸೂತ್ರ ಫ್ಲಕ್ಸನ್ನು ಕಡಿಮೆ ಹೇಳುತ್ತದೆ, ಅದೂ ಗಣನೀಯವಾಗಿ. 2014ರ ವಾರ್ಷಿಕ ಸರಾಸರಿ ಸಂಖ್ಯೆ ಸುಮಾರು 113. ಸೂತ್ರದ ಉತ್ತರ 127, ಅಳತೆ ಸುಮಾರು 146. 2024ರ ಆಗಸ್ಟ್‌ನಲ್ಲಿ ತಿಂಗಳ ಸಂಖ್ಯೆ 215ರ ಸಮೀಪವಿತ್ತು. ಸೂತ್ರ 193 ಎಂದಿತು, ಅಳೆದ ಸರಾಸರಿ 240 ದಾಟಿತ್ತು.

ಕಾರಣದ ಬಗ್ಗೆ ಒಮ್ಮತವಿಲ್ಲ. 23ನೇ ಚಕ್ರದ ಇಳಿಗಾಲದಿಂದ ಸೂರ್ಯನ ವರ್ತನೆಯೇ ಬದಲಾಗಿದೆ, ಒಂದೇ ಪ್ರಮಾಣದ ಕಾಂತೀಯ ಚಟುವಟಿಕೆಗೆ ಈಗ ಕಲೆಗಳು ಕಡಿಮೆ ಮೂಡುತ್ತಿವೆ ಎಂಬುದು ಒಂದು ವಾದ. 1980–81ರ ಸುಮಾರಿಗೆ ಫ್ಲಕ್ಸ್ ಸರಣಿಯೊಳಗೇ ಸುಮಾರು ಶೇ. 10ರ ಒಂದು ಜಿಗಿತವಿದೆ, ಸೂತ್ರ ಅದಕ್ಕಿಂತ ಹಿಂದಿನ ಅಂಕಿಗಳ ಮೇಲೆ ನಿಂತಿರುವುದರಿಂದ ಹಿಂದೆ ಬೀಳುತ್ತದೆ ಎಂಬುದು ಇನ್ನೊಂದು. ವಾದ ಯಾವುದೇ ಇರಲಿ, ಅಂದಾಜು ಮಾಡುವವರು ತಿದ್ದುಪಡಿ ಮಾಡಿಕೊಳ್ಳಲೇಬೇಕು.

ನಾನು ಬಳಸುವ ತಿದ್ದುಪಡಿ ಸರಳವಾದದ್ದು. ಇತ್ತೀಚಿನ ಒಂದು ಪೂರ್ಣ ವರ್ಷದ ಅಳೆದ ಫ್ಲಕ್ಸಿನಿಂದ 64 ಕಳೆಯಿರಿ. ಅದೇ ವರ್ಷಕ್ಕೆ ಸೂತ್ರ ಕೊಟ್ಟ ಫ್ಲಕ್ಸಿನಿಂದಲೂ 64 ಕಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. 2014ಕ್ಕೆ ಇದು 82 ÷ 63, ಅಂದರೆ 1.30. ಮುಂದಿನ ಅಂದಾಜುಗಳಲ್ಲಿ 64ರ ಮೇಲಿನ ಪಾಲನ್ನು ಮಾತ್ರ ಈ ಅನುಪಾತದಿಂದ ಹಿಗ್ಗಿಸಿ. ತಳಪಾಲಿಗೆ ಕೈ ಹಾಕಬೇಡಿ, ಶಾಂತ ಸೂರ್ಯನಿಗೂ ಕಲೆಗಳಿಗೂ ಸಂಬಂಧವಿಲ್ಲ.

ಇದು ಕೆಲಸ ಮಾಡುತ್ತದೆಯೇ ಎಂದು 2015ರ ಮೇಲೆ ಪರೀಕ್ಷಿಸೋಣ. ಆ ವರ್ಷದ ಸರಾಸರಿ ಸಂಖ್ಯೆ ಸುಮಾರು 70. ಬರಿ ಸೂತ್ರದಿಂದ 101 ಅಥವಾ 102. 64ರ ಮೇಲಿನ ಪಾಲು 38 ಎಂದು ಹಿಡಿದು 1.30ರಿಂದ ಗುಣಿಸಿದರೆ 49, ಒಟ್ಟು 113. ಅಳೆದ ವಾರ್ಷಿಕ ಸರಾಸರಿ ಸುಮಾರು 118. ಹದಿನಾರು ಘಟಕಗಳ ಕೊರತೆ ಐದಕ್ಕೆ ಇಳಿಯಿತು. ಚಕ್ರದ ಇಳಿಗಾಲದಲ್ಲಿ ಪ್ರಕಾಶಮಾನ ಪ್ರದೇಶಗಳು ಕಲೆಗಳಿಗಿಂತ ಹೆಚ್ಚು ಕಾಲ ಬಾಳುವುದರಿಂದ ಉಳಿದ ಕೊರತೆಯೂ ಅನಿರೀಕ್ಷಿತವಲ್ಲ.

ಈ ಅನುಪಾತವನ್ನು ಕನಿಷ್ಠದ ವರ್ಷಗಳಿಂದ ತೆಗೆಯಬಾರದು. ಆಗ ಭಾಗಿಸುವ ಸಂಖ್ಯೆ ಎರಡೋ ಮೂರೋ ಆಗಿರುತ್ತದೆ, ಉತ್ತರ ಎಲ್ಲಿಗೆ ಬೇಕಾದರೂ ಹಾರಬಹುದು.

ಇನ್ನೂ ಗಟ್ಟಿಯಾದ ದಾರಿ ಬೇಕೆನ್ನುವವರು ಸ್ವಂತ ಸೂತ್ರವನ್ನೇ ಹೊಂದಿಸಿಕೊಳ್ಳಬಹುದು. ಸ್ಪ್ರೆಡ್‌ಶೀಟ್‌ನ ಒಂದು ಕಂಬದಲ್ಲಿ 1981ರ ನಂತರದ ತಿಂಗಳವಾರು ಹೊಸ ಸಂಖ್ಯೆಗಳನ್ನು, ಪಕ್ಕದ ಕಂಬದಲ್ಲಿ ಅದೇ ತಿಂಗಳುಗಳ ದೂರ ತಿದ್ದಿದ ಫ್ಲಕ್ಸನ್ನು (ಆರನೇ ಹಂತ ನೋಡಿ) ಹಾಕಿ, ಚುಕ್ಕಿ ನಕ್ಷೆ ಬರೆದು, ಎರಡನೇ ಘಾತದ ರೇಖೆಯನ್ನು ಹೊಂದಿಸಿ. ಘಾತ ಹೆಚ್ಚಿಸುವ ಆಸೆ ಬರುತ್ತದೆ. ಮೇಲ್ತುದಿಯಲ್ಲಿ ಚುಕ್ಕಿಗಳು ವಿರಳವಾಗಿರುವುದರಿಂದ ಅಲ್ಲಿ ರೇಖೆ ಡೊಂಕಾಗಿ ಬಾಗಲು ತೊಡಗುತ್ತದೆ. ರೇಖೆ ಸಿಕ್ಕ ಮೇಲೆ ಪ್ರತಿ ತಿಂಗಳ ಅಳತೆಯಿಂದ ಅಂದಾಜನ್ನು ಕಳೆದು, ಉಳಿಕೆಯನ್ನು ಕಾಲಕ್ರಮದಲ್ಲಿ ನೋಡಿ. ಉಳಿಕೆಗಳು ವರ್ಷಗಟ್ಟಲೆ ಒಂದೇ ಬದಿಗೆ ವಾಲಿದ್ದರೆ ಇಡೀ ಅವಧಿಗೆ ಒಂದೇ ರೇಖೆ ಸಾಲದು ಎಂದರ್ಥ. ಆಗ ಚಕ್ರಕ್ಕೊಂದು ರೇಖೆ ಹೊಂದಿಸಿ.

ಹಂತ 6: ಭೂಮಿಯ ದೂರ

ಪೆಂಟಿಕ್ಟನ್ ಎರಡು ಬೆಲೆಗಳನ್ನು ಕೊಡುತ್ತದೆ. ಕಂಡದ್ದನ್ನು ಕಂಡಂತೆ ಬರೆದದ್ದು ಒಂದು. ಭೂಮಿ ತನ್ನ ಸರಾಸರಿ ದೂರದಲ್ಲಿದ್ದಿದ್ದರೆ ಎಷ್ಟಿರುತ್ತಿತ್ತು ಎಂದು ತಿದ್ದಿದ್ದು ಇನ್ನೊಂದು. ನಮ್ಮ ಅಂದಾಜು ವರ್ಷದ ಸರಾಸರಿಯ ಮೇಲೆ ನಿಂತಿರುವುದರಿಂದ ಎರಡನೆಯದಕ್ಕೆ ಹತ್ತಿರ. ನಿರ್ದಿಷ್ಟ ತಿಂಗಳಲ್ಲಿ ಭೂಮಿಯನ್ನು ನಿಜಕ್ಕೂ ತಲುಪಿದ ಶಕ್ತಿ ಬೇಕಾದರೆ ಜನವರಿ ಮೊದಲ ವಾರಕ್ಕೆ 1.034ರಿಂದ, ಜುಲೈ ಮೊದಲ ವಾರಕ್ಕೆ 0.967ರಿಂದ ಗುಣಿಸಿ. ಏಪ್ರಿಲ್ ಮತ್ತು ಅಕ್ಟೋಬರ್ ಆರಂಭದಲ್ಲಿ ತಿದ್ದುಪಡಿ ಹೆಚ್ಚುಕಡಿಮೆ ಸೊನ್ನೆ.

ಅಯಾನುಗೋಳ (ಶಾರ್ಟ್‌ವೇವ್ ತರಂಗಗಳನ್ನು ಹಿಂದಿರುಗಿಸುವ ಮೇಲ್ವಾತಾವರಣದ ಪದರ), ಉಪಗ್ರಹಗಳ ಲೆಕ್ಕಕ್ಕೆ ಕಂಡ ಬೆಲೆ. ಸೂರ್ಯನನ್ನೇ ಅಭ್ಯಾಸ ಮಾಡುವವರಿಗೆ ತಿದ್ದಿದ ಬೆಲೆ. ಹಳೆಯ ಕೋಷ್ಟಕಗಳಲ್ಲಿ ತಿದ್ದಿದ ಬೆಲೆಯನ್ನು ಮತ್ತೆ 0.9ರಿಂದ ಗುಣಿಸಿದ ಮೂರನೇ ಸರಣಿಯೂ ಕಾಣಸಿಗುತ್ತದೆ. ನಿಮ್ಮ ಅಂದಾಜು ಎಲ್ಲ ಕಡೆ ಶೇ. 11ರಷ್ಟು ಹೆಚ್ಚು ಬರುತ್ತಿದ್ದರೆ ಹೋಲಿಸುತ್ತಿರುವುದು ಆ ಸರಣಿಯೊಂದಿಗೇ ಎಂದು ಅನುಮಾನಿಸಿ.

1947ಕ್ಕಿಂತ ಹಿಂದಿನ ವರ್ಷಗಳು

ಹಳೆಯ ವರ್ಷಕ್ಕೆ ಹಳೆಯ ಸಂಖ್ಯೆ, ಹಳೆಯ ಸೂತ್ರ ಎಂಬ ಜೋಡಣೆ ಸಹಜವೆಂದು ತೋರುತ್ತದೆ. ಅದು ಮೋಸದ ಜೋಡಣೆ. 14ನೇ ಚಕ್ರದ ಗರಿಷ್ಠ, 1906ರ ಫೆಬ್ರುವರಿಯದು, ಹಳೆಯ ಮಾನದಲ್ಲಿ 64.2. ಅದನ್ನು ಹಳೆಯ ಸೂತ್ರಕ್ಕೆ ಹಾಕಿದರೆ 114 ಬರುತ್ತದೆ. ಹೊಸ ಮಾನದಲ್ಲಿ ಅದೇ ಗರಿಷ್ಠ 107.1. ಅದನ್ನು ಹೊಸ ಮಾನದ ಸೂತ್ರಕ್ಕೆ ಹಾಕಿದರೆ 123. ಒಂದೇ ಸೂರ್ಯ, ಒಂಬತ್ತು ಘಟಕಗಳ ಅಂತರ.

ಗುಟ್ಟಿರುವುದು ಎರಡನೇ ಹಂತದಲ್ಲಿ ಹೇಳಿದ ತೂಕದ ಎಣಿಕೆಯಲ್ಲಿ. 1906ರಲ್ಲಿ ಹಳೆಯದು ಹೊಸದರ 0.6 ಪಾಲು ಮಾತ್ರ. ದೊಡ್ಡ ಕಲೆಗಳಿಗೆ ತೂಕ ಕೊಟ್ಟು ಉಬ್ಬಿಸಿದ ಕಾಲದಲ್ಲಿ ಅದು 0.7 ಆಯಿತು. ಸೂತ್ರವನ್ನು ಹೊಂದಿಸಿದ್ದು ಫ್ಲಕ್ಸ್ ಅಳತೆ ಇದ್ದ, ಅಂದರೆ ಆ ಉಬ್ಬಿದ ಕಾಲದ ಸಂಖ್ಯೆಗಳಿಗೆ. 1947ರ ಹಿಂದಿನ ಉಬ್ಬದ ಸಂಖ್ಯೆಗಳನ್ನು ಅದೇ ಸೂತ್ರಕ್ಕೆ ಹಾಕಿದರೆ ಉತ್ತರ ಕಡಿಮೆಯಾಗಲೇಬೇಕು. ಹಿಂದಿನ ಶತಮಾನಗಳಿಗೆ ಯಾವಾಗಲೂ ಹೊಸ ಮಾನದ ಸಂಖ್ಯೆ, ಹೊಸ ಮಾನದ ಸೂತ್ರ ಬಳಸಿ. ಐದನೇ ಹಂತದ ಹಿಗ್ಗಿಸುವ ಅನುಪಾತವನ್ನು ಅಲ್ಲಿಗೆ ಒಯ್ಯಬೇಡಿ. ಅದು ಇತ್ತೀಚಿನ ದಶಕಗಳ ಗುಣವೇ ಹೊರತು 1906ಕ್ಕೂ ಅನ್ವಯಿಸುತ್ತದೆ ಎನ್ನಲು ಆಧಾರವಿಲ್ಲ.

ಬೇರೆ ಆವರ್ತನಗಳು

ಕಲೆಗಳೊಂದಿಗೆ ಏರಿಳಿಯುವ ಪಾಲು ಎದ್ದು ಕಾಣುವುದು 10 ಸೆಂಟಿಮೀಟರ್ ತರಂಗಾಂತರದ ಆಸುಪಾಸಿನಲ್ಲಿ. ಅಲ್ಲಿಂದ ಎರಡೂ ಕಡೆಗೆ ಸರಿದಂತೆ ನಂಟು ಸಡಿಲವಾಗುತ್ತದೆ. ಅಮೆರಿಕದ ವಾಯುಪಡೆಯ ಸೌರ ರೇಡಿಯೋ ಜಾಲ 245, 410, 610, 1415, 2695, 4995, 8800, 15400 ಮೆಗಾಹರ್ಟ್ಸ್‌ಗಳಲ್ಲಿ ಅಳೆಯುತ್ತದೆ. ಜಪಾನಿನ ಸರಣಿ 1, 2, 3.75, 9.4 ಗಿಗಾಹರ್ಟ್ಸ್‌ಗಳಲ್ಲಿ 1950ರ ದಶಕದಿಂದ ಬೆಳೆದು ಬಂದಿದೆ. ಒಂದರಿಂದ ಹತ್ತು ಗಿಗಾಹರ್ಟ್ಸ್‌ನೊಳಗೆ ಮೇಲಿನ ಹಂತಗಳೆಲ್ಲ ನಡೆಯುತ್ತವೆ, ಆದರೆ ಸ್ಥಿರಾಂಕಗಳನ್ನು ಆಯಾ ಆವರ್ತನಕ್ಕೆ ಐದನೇ ಹಂತದ ಕೊನೆಯ ವಿಧಾನದಲ್ಲಿ ಹೊಸದಾಗಿ ಹೊಂದಿಸಿಕೊಳ್ಳಬೇಕು. ಎಫ್ 10.7ರ ಅಂಕಿಗಳನ್ನು ಎರವಲು ತರಬೇಡಿ.

ಮೀಟರ್ ತರಂಗಗಳಲ್ಲಿ, 245 ಮೆಗಾಹರ್ಟ್ಸ್‌ನಂಥ ಕಡೆ, ಗಂಟೆಗಳಿಂದ ದಿನಗಳವರೆಗೆ ಬೀಸುವ ಗದ್ದಲದ ಬಿರುಗಾಳಿಗಳದ್ದೇ ಕಾರುಬಾರು. ಕೆಲವು ಕಲೆಗುಂಪುಗಳು ಅವನ್ನು ಎಬ್ಬಿಸುತ್ತವೆ, ಅಷ್ಟೇ ದೊಡ್ಡ ಬೇರೆ ಗುಂಪುಗಳು ಎಬ್ಬಿಸುವುದಿಲ್ಲ. ಅಲ್ಲಿ ಕಲೆ ಎಣಿಸಿ ಫ್ಲಕ್ಸ್ ಹೇಳುವ ಪ್ರಯತ್ನವನ್ನೇ ಕೈಬಿಡುವುದು ಲೇಸು.

ಸ್ಫೋಟಗಳ ಮಾತೂ ಅಷ್ಟೇ. 2006ರ ಡಿಸೆಂಬರ್ 6ರಂದು, ಚಕ್ರ ಕನಿಷ್ಠದತ್ತ ಇಳಿಯುತ್ತಿದ್ದ ಕಾಲದಲ್ಲಿ, 1.4 ಗಿಗಾಹರ್ಟ್ಸ್ ಸುತ್ತ ಸುಮಾರು ಹತ್ತು ಲಕ್ಷ ಘಟಕಗಳ ಸ್ಫೋಟ ಸಂಭವಿಸಿ ಹಗಲಿನ ಬದಿಯಲ್ಲಿದ್ದ ಜಿಪಿಎಸ್ ರಿಸೀವರ್‌ಗಳು ತಬ್ಬಿಬ್ಬಾದವು. ಯಾವ ಎಣಿಕೆಯೂ ಅದನ್ನು ಹೇಳಲಾರದು. ಅಳತೆಯ ಹೊತ್ತಿಗೇ ಸಣ್ಣ ಸ್ಫೋಟ ನಡೆದರೆ ಆ ದಿನದ ಪ್ರಕಟಿತ ಫ್ಲಕ್ಸ್ ಕೂಡ ಉಬ್ಬಿರುತ್ತದೆ. ಅಂಥ ದಿನ ಉಳಿದೆರಡು ಹೊತ್ತಿನ ಅಳತೆಗಳನ್ನು ನೋಡಿ, ಹೊಂದದಿದ್ದರೆ ಹೋಲಿಕೆಯಿಂದ ತೆಗೆದುಹಾಕಿ.

ಫ್ಲಕ್ಸಿನಿಂದ ಸಂಖ್ಯೆಗೆ

ಶಾರ್ಟ್‌ವೇವ್ ಪ್ರಸರಣದ ಅನೇಕ ಸಾಫ್ಟ್‌ವೇರ್‌ಗಳು ಫ್ಲಕ್ಸ್ ಬದಲು ಸೌರಕಲೆ ಸಂಖ್ಯೆಯನ್ನೇ ಕೇಳುತ್ತವೆ. ಕೈಯಲ್ಲಿರುವುದು ಫ್ಲಕ್ಸಾದರೆ ಲೆಕ್ಕವನ್ನು ಹಿಂದುಮುಂದು ಮಾಡಿ. ಫ್ಲಕ್ಸಿನಿಂದ 63.7 ಕಳೆದು 0.001744ರಿಂದ ಗುಣಿಸಿ, 0.2601 ಕೂಡಿಸಿ, ವರ್ಗಮೂಲ ತೆಗೆಯಿರಿ, ಅದರಿಂದ 0.51 ಕಳೆದು 0.000872ರಿಂದ ಭಾಗಿಸಿ. ಫ್ಲಕ್ಸ್ 150 ಆಗಿದ್ದರೆ ಉತ್ತರವೂ 150 ಬರಬೇಕು. ಬರದಿದ್ದರೆ ಎಲ್ಲೋ ಅಂಕಿ ತಪ್ಪಿದೆ. ಫ್ಲಕ್ಸ್ 63.7ಕ್ಕಿಂತ ಕಡಿಮೆಯಿದ್ದರೆ ಸಂಖ್ಯೆಯನ್ನು ಸೊನ್ನೆ ಎಂದೇ ಇಟ್ಟುಕೊಳ್ಳಿ. ಸಾಫ್ಟ್‌ವೇರ್ 2015ಕ್ಕಿಂತ ಹಿಂದಿನದಾಗಿದ್ದರೆ ಬಂದ ಉತ್ತರವನ್ನು 0.7ರಿಂದ ಗುಣಿಸಿ ಕೊಡಿ.